ಮನೆಯ ಹಿಂದಿನ ಜಾಗದಲ್ಲಿ ಎರಡು ನಾಯಿಗಳಿಗೆ ಗೂಡು ಮತ್ತು ಓಡಾಟದ ಆವರಣ: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ – ಹಿತ್ತಲಂಗಳ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂಬದಿಯಲ್ಲಿ ಸುಮಾರು 9 ಮೀಟರ್ ಉದ್ದ ಮತ್ತು 5 ಮೀಟರ್ ಅಗಲದ ಖಾಲಿ ಜಾಗವಿದ್ದು, ಅಲ್ಲಿ ನಮ್ಮ ಎರಡು ನಾಯಿಗಳಿಗೆ ಗೂಡನ್ನೂ ಬೇಲಿ ಹಾಕಿದ ಓಡಾಟದ ಆವರಣವನ್ನೂ ಕಟ್ಟಿಸಬೇಕೆಂದಿದ್ದೇವೆ. ಮೊದಲನೆಯದು ಮೂರು ವರ್ಷದ ಹೆಣ್ಣು ನಾಯಿ; ತೂಕ 28 ಕೆ.ಜಿ., ಮೈಮೇಲೆ ಗಿಡ್ಡ ಕೂದಲು. ನೆಲ ಕೆರೆಯುವುದರಲ್ಲಿಯೂ ನೆಗೆಯುವುದರಲ್ಲಿಯೂ ಅದರದು ಎತ್ತಿದ ಕೈ. ಎರಡನೆಯದು ಹತ್ತು ವರ್ಷ ದಾಟಿದ ಗಂಡು ನಾಯಿ, ದಟ್ಟ ಕೂದಲಿನದು. ಈಚೆಗೆ ಮಲಗಿ ಏಳುವಾಗ ಅದರ ಹಿಂಗಾಲುಗಳು ಬಿಗಿಯುತ್ತವೆ. ಹಗಲು ಮನೆಯಲ್ಲಿ ಯಾರೂ ಇಲ್ಲದ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ಅವು ಹೊರಗಿರಬೇಕಾಗುತ್ತದೆ. ರಾತ್ರಿ ಎಂದಿನಂತೆ ಒಳಗೇ ಮಲಗುತ್ತವೆ.

ಜಾಗದ ಪೂರ್ವಕ್ಕೆ ಮನೆಯ ಗೋಡೆಯಿದೆ, ಪಶ್ಚಿಮಕ್ಕೆ ಬಯಲು, ಉತ್ತರದ ಮೂಲೆಯಲ್ಲಿ ಒಂದು ದೊಡ್ಡ ಮರ, ದಕ್ಷಿಣಕ್ಕೆ ಜನ ಓಡಾಡುವ ರಸ್ತೆ. ನಾವು ಸದ್ಯ ಹಾಕಿಕೊಂಡಿರುವ ಯೋಜನೆ ಹೀಗಿದೆ: ನೆಲವನ್ನೆಲ್ಲ ಕಾಂಕ್ರೀಟ್ ಮಾಡಿಸುವುದು, ಸುತ್ತಲೂ 1.8 ಮೀಟರ್ ಎತ್ತರದ ಚೈನ್‌ಲಿಂಕ್ ಬೇಲಿ ಹಾಕುವುದು, ರಸ್ತೆಯ ಕಡೆಯ ಮೂಲೆಯಲ್ಲಿ ಬೇಲಿಗೆ ತಾಗಿಸಿ ತಗಡಿನ ಮಾಡಿನ ಒಂದು ದೊಡ್ಡ ಗೂಡನ್ನು ಇಡುವುದು. ಎರಡೂ ಒಂದೇ ಗೂಡಿನಲ್ಲಿ ಇರಬಹುದೇ? ಕಾಂಕ್ರೀಟ್ ನೆಲ ಸರಿಯೇ? ಬೇಲಿಯ ಎತ್ತರ ಸಾಕೇ? ಕೆಲಸ ಆರಂಭಿಸುವ ಮೊದಲೇ ತಿಳಿದವರ ಅಭಿಪ್ರಾಯ ಸಿಕ್ಕರೆ ಒಳ್ಳೆಯದೆಂದು ಕೇಳುತ್ತಿದ್ದೇನೆ.

ಉತ್ತರ – ಮೂರು ನಾಯಿಗಳ ಮನೆ

ನಿಮ್ಮ ಯೋಜನೆಯಲ್ಲಿ ಬೇಲಿ ಇದೆ, ಗೂಡು ಇದೆ. ಬಿಸಿಲು ಮತ್ತು ನೀರಿನ ವಿಚಾರ ಇಲ್ಲ. ನಾಯಿಗೆ ಆ ಜಾಗ ಹಿತವಾಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಎರಡೇ ಆದ್ದರಿಂದ, ಗುದ್ದಲಿ ಹಿಡಿಯುವುದಕ್ಕೆ ಮೊದಲು ಜಾಗವನ್ನು ಸರಿಯಾಗಿ ನೋಡಿ ಎಂಬುದೇ ನನ್ನ ಮುಖ್ಯ ಸಲಹೆ.

ಪೂರ್ವಕ್ಕೆ ಗೋಡೆ ಇರುವುದರಿಂದ ಬೆಳಗಿನ ಹೊತ್ತು ಅಲ್ಲಿ ತಾನಾಗಿಯೇ ನೆರಳಿರುತ್ತದೆ. ಆದರೆ ಮಧ್ಯಾಹ್ನದ ನಂತರ ಪಶ್ಚಿಮದ ಬಯಲಿನಿಂದ ಬರುವ ಓರೆ ಬಿಸಿಲು ಜಾಗದ ಉದ್ದಗಲಕ್ಕೂ ಹರಡುವುದಲ್ಲದೆ, ಗೋಡೆಯೂ ಕಾದು ಸಂಜೆಯವರೆಗೆ ಶಾಖ ಹೊಮ್ಮಿಸುತ್ತಲೇ ಇರುತ್ತದೆ. ದಿನದ ಅತಿ ಬಿಸಿಯ ಹೊತ್ತು ಕೂಡ ಅದೇ. ಒಂದು ಬಿಸಿಲಿನ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ನೆರಳಿನ ಅಂಚಿಗೆ ಸಣ್ಣ ಗೂಟ ನೆಟ್ಟು ನೋಡಿ. ಯಾವ ಭಾಗ ಯಾವ ಹೊತ್ತಿನಲ್ಲಿ ತಂಪಾಗಿರುತ್ತದೆಂಬ ನಕ್ಷೆಯೇ ನೆಲದ ಮೇಲೆ ಮೂಡುತ್ತದೆ. ಋತು ಬದಲಾದಂತೆ ಸೂರ್ಯನ ದಾರಿಯೂ ಸರಿಯುವುದರಿಂದ, ಇಂದು ನೆರಳಿರುವ ಕಡೆ ಬೇಸಿಗೆಯಲ್ಲೂ ನೆರಳಿರುತ್ತದೆಂದು ನಂಬಿಕೊಳ್ಳಬಾರದು. ಮರದ ಬುಡದ ಕಡೆ ಗೂಡು ಇಡುವುದು, ಪಶ್ಚಿಮದ ಬೇಲಿಯ ಮೇಲ್ಭಾಗದಿಂದ ಒಳಕ್ಕೆ ನೆರಳುಬಲೆಯನ್ನು ಓರೆಯಾಗಿ ಕಟ್ಟುವುದು – ಈ ಎರಡನ್ನು ಮಾಡಿದರೆ ನಿಮ್ಮ ಜಾಗದ ಗುಣವೇ ಬದಲಾಗುತ್ತದೆ. ಮರದ ನೆರಳು ತಗಡಿನ ನೆರಳಿಗಿಂತ ಎಷ್ಟೋ ಮೇಲು, ಏಕೆಂದರೆ ತಗಡು ಕಾದು ಕೆಳಕ್ಕೂ ಶಾಖ ಸೂಸುತ್ತದೆ, ಎಲೆಗಳು ಹಾಗೆ ಕಾಯುವುದಿಲ್ಲ.

ನೀರಿನ ಪರೀಕ್ಷೆ ಇನ್ನೂ ಸುಲಭ. ಜೋರು ಮಳೆ ಬಂದು ನಿಂತ ಮೇಲೆ ಹೊರಗೆ ಹೋಗಿ ನೀರು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಗಮನಿಸಿ. ಮಳೆಯ ದಿನಗಳಲ್ಲವಾದರೆ ಹತ್ತಾರು ಬಕೆಟ್ ನೀರು ಸುರಿದು ನೋಡಿದರೂ ಆಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಎಷ್ಟೇ ಒಳ್ಳೆಯ ಗೂಡು ಇಟ್ಟರೂ ಅದರ ತಳ ಕೊಳೆಯುತ್ತದೆ, ಹಾಸು ಬೂಷ್ಟು ಹಿಡಿಯುತ್ತದೆ, ನಾಯಿ ಅದರೊಳಗೆ ಕಾಲಿಡುವುದಿಲ್ಲ.

ರಸ್ತೆಯ ಕಡೆಯ ಮೂಲೆಯನ್ನು ಬಿಟ್ಟುಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹೋಗಿ ಬರುವವರನ್ನೆಲ್ಲ ನೋಡಿ ಬೊಗಳುವುದು, ಬೇಲಿಯುದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಓಡುವುದು ನಾಯಿಗೆ ಮನರಂಜನೆಯಂತೆ ಕಂಡರೂ, ದಿನವಿಡೀ ನಡೆದರೆ ಅದು ವಿಶ್ರಾಂತಿಯಿಲ್ಲದ ಕಾವಲಾಗುತ್ತದೆ. ದಕ್ಷಿಣದ ಬೇಲಿಗೆ ನಾಯಿಯ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ ಹಲಗೆಯನ್ನೋ ದಪ್ಪ ಬಟ್ಟೆಯನ್ನೋ ಹೊಂದಿಸಿ, ಹೊರಗೆ ನೋಡುವ ಅವಕಾಶವನ್ನು ಬೇರೊಂದು ಶಾಂತವಾದ ದಿಕ್ಕಿನಲ್ಲಿ ಕೊಡಿ. ಬಿಸಿಲು ಬೇಕೆಂದಾಗ ಬಿಸಿಲು, ನೆರಳು ಬೇಕೆಂದಾಗ ನೆರಳು, ನೋಡಬೇಕೆನಿಸಿದಾಗ ಎತ್ತರದ ಒಂದು ಕಟ್ಟೆ, ಯಾರ ಕಣ್ಣಿಗೂ ಬೀಳದಿರಲು ಒಂದು ಮರೆ – ಇವುಗಳಲ್ಲಿ ಯಾವುದನ್ನು ಯಾವಾಗ ಆರಿಸಿಕೊಳ್ಳಬೇಕೆಂಬುದು ನಾಯಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಆಯ್ಕೆಗಳನ್ನು ಒದಗಿಸುವುದಷ್ಟೇ ನಮ್ಮ ಕೆಲಸ.

ಉತ್ತರ – ಹಲಗೆ ಮತ್ತು ರೀಪು

ಗೂಡಿನ ವಿಚಾರವಾಗಿ ನಾನು ಬರೆಯುತ್ತೇನೆ. ಮರಗೆಲಸ ನನ್ನ ವೃತ್ತಿ, ನಾಯಿಗೂಡುಗಳನ್ನು ಆಗಾಗ ಮಾಡಿಕೊಡುತ್ತಿರುತ್ತೇನೆ.

ಎರಡು ನಾಯಿಗಳಿಗೆ ಒಂದೇ ದೊಡ್ಡ ಗೂಡು ಬೇಡ. ಅವು ಎಷ್ಟೇ ಅನ್ಯೋನ್ಯವಾಗಿದ್ದರೂ ಬಾಗಿಲು ಒಂದೇ ಆದಾಗ ಬಲವಾದದ್ದು ಅಲ್ಲಿಯೇ ಮಲಗಿಬಿಟ್ಟರೆ ಇನ್ನೊಂದು ಒಳಗೆ ಸಿಕ್ಕಿಬೀಳುತ್ತದೆ, ಅಥವಾ ಮಳೆಯಲ್ಲಿ ಹೊರಗುಳಿಯುತ್ತದೆ. ಎರಡು ಬೇರೆ ಬೇರೆ ಗೂಡುಗಳನ್ನು, ಬಾಗಿಲುಗಳು ಎದುರುಬದುರಾಗದಂತೆ ಇಡಿ.

ಗೂಡಿನ ಅಳತೆಯನ್ನು ತಳಿಯ ಹೆಸರಿನಿಂದ ಲೆಕ್ಕ ಹಾಕಬೇಡಿ, ನಿಮ್ಮ ನಾಯಿಯನ್ನೇ ಅಳೆಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಅದರ ಕಾಲು ಭಾಗವನ್ನು ಸೇರಿಸಿದರೆ ಗೂಡಿನ ಒಳ ಉದ್ದ ಸಿಗುತ್ತದೆ. ಕುಳಿತಾಗ ತಲೆಯ ನೆತ್ತಿಯವರೆಗಿನ ಎತ್ತರಕ್ಕೆ 8ರಿಂದ 10 ಸೆಂ.ಮೀ. ಸೇರಿಸಿದರೆ ಒಳ ಎತ್ತರವಾಗುತ್ತದೆ. ಅಗಲ, ನಾಯಿ ಒಳಗೇ ಒಂದು ಸುತ್ತು ಹಾಕಿ ಮಗ್ಗುಲಾಗುವಷ್ಟು ಇದ್ದರೆ ಸಾಕು. ಚಳಿಯ ಪ್ರದೇಶವಾದರೆ ಇದಕ್ಕಿಂತ ದೊಡ್ಡದು ಮಾಡಬಾರದು, ಏಕೆಂದರೆ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುವುದು ನಾಯಿಯ ಮೈಶಾಖ ಒಂದೇ; ಗೂಡು ದೊಡ್ಡದಾದಷ್ಟೂ ಅದು ಸೋಲುತ್ತದೆ. ಸೆಕೆಯ ಪ್ರದೇಶದಲ್ಲಿ ಈ ಲೆಕ್ಕ ತಿರುಗುಮುರುಗಾಗಿ, ಜಾಗ ಧಾರಾಳವಾಗಿದ್ದಷ್ಟೂ ಗಾಳಿ ಆಡುವಷ್ಟೂ ಒಳ್ಳೆಯದಾಗುತ್ತದೆ.

ಬಾಗಿಲನ್ನು ಗೋಡೆಯ ನಡುವೆ ಕೊಯ್ಯುವುದು ರೂಢಿ. ನಾನು ಯಾವಾಗಲೂ ಒಂದು ಪಕ್ಕಕ್ಕೆ ಕೊಯ್ಯುತ್ತೇನೆ. ಆಗ ಗೂಡಿನ ಉಳಿದ ಅರ್ಧ, ಗಾಳಿಯೂ ಎರಚಲೂ ನೇರವಾಗಿ ತಲುಪದ ಮಲಗುವ ಮೂಲೆಯಾಗುತ್ತದೆ. ಜೋರು ಗಾಳಿ ಮತ್ತು ಮಳೆ ಬರುವ ದಿಕ್ಕಿಗೆ ಬಾಗಿಲು ಮುಖ ಮಾಡಬಾರದು. ಬಾಗಿಲಿನ ಎತ್ತರ ನಾಯಿಯ ಭುಜಕ್ಕಿಂತ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ, ನಾಯಿಗಳು ತಲೆ ತಗ್ಗಿಸಿ ನುಗ್ಗುತ್ತವೆ. ಆದರೆ ನಿಮ್ಮ ಹಿರಿಯ ನಾಯಿಯ ಗೂಡಿನಲ್ಲಿ ಭುಜದ ಎತ್ತರಕ್ಕಿಂತ ಕಡಿಮೆ ಮಾಡಬೇಡಿ, ಹೊಸ್ತಿಲನ್ನೂ ಹಾಸು ಹೊರಗೆ ಜಾರದಷ್ಟೇ ಇಡಿ. ಹಿಂಗಾಲು ಬಿಗಿಯುವ ನಾಯಿಗೆ ಎತ್ತರದ ಹೊಸ್ತಿಲು ದಾಟುವುದು ಪ್ರತಿಸಲವೂ ನೋವಿನ ಕೆಲಸ.

ತಳ ನೆಲದಿಂದ 10ರಿಂದ 15 ಸೆಂ.ಮೀ. ಮೇಲಿರಲಿ. ಅಡಿಯಲ್ಲಿ ಗಾಳಿ ಆಡಿದರೆ ತಳ ಒಣಗಿರುತ್ತದೆ, ಇಲಿಗಳು ಗೂಡು ಕಟ್ಟಿದರೂ ಕಣ್ಣಿಗೆ ಬೀಳುತ್ತದೆ. ಹಿರಿಯ ನಾಯಿಗೆ ಈ ಎತ್ತರವನ್ನು ಹತ್ತಲು ಜಾರದ, ಅಗಲವಾದ ಇಳಿಜಾರು ಹಲಗೆ ಇಡಬೇಕು.

ಮಾಡಿನ ವಿಚಾರದಲ್ಲಿ ನಿಮ್ಮ ಯೋಜನೆ ಬದಲಾಗಲೇಬೇಕು. ಬರೀ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಹೊತ್ತು ಕೈಯಿಟ್ಟು ನೋಡಿದವರಿಗೆ ಅದರ ಝಳ ಏನೆಂದು ತಿಳಿದಿರುತ್ತದೆ. ತಗಡು ಮಳೆಗೆ ಒಳ್ಳೆಯದೇ ಆದ್ದರಿಂದ ಅದನ್ನು ಬಿಡಬೇಕಾಗಿಲ್ಲ. ಕೆಳಗೆ ಪ್ಲೈವುಡ್ಡಿನ ಒಂದು ಮಾಡು ಮಾಡಿ, ಅದರ ಮೇಲೆ ರೀಪುಗಳನ್ನು ಹೊಡೆದು, ಸುಮಾರು 5 ಸೆಂ.ಮೀ. ಸಂದು ಬಿಟ್ಟು ತಗಡು ಹಾಕಿ. ಸಂದಿನ ಎರಡೂ ತುದಿಗಳು ತೆರೆದಿರಬೇಕು, ಆಗ ಕಾದ ಗಾಳಿ ಮೇಲಿನ ತುದಿಯಿಂದ ಹೊರಟು ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಸೂರು ಬಾಗಿಲಿನ ಕಡೆ ಒಂದು ಗೇಣಿಗಿಂತ ಹೆಚ್ಚೇ ಮುಂಚಾಚಿರಲಿ, ಅದರ ಕೆಳಗೆ ಗೋಡೆಯ ಮೇಲಂಚಿನಲ್ಲಿ ಗಾಳಿಗಿಂಡಿಗಳಿರಲಿ. ಚಳಿಗಾಲ ಕಠಿಣವಾಗಿದ್ದರೆ ಎರಡು ಪದರದ ಗೋಡೆ ಮಾಡಿ ನಡುವೆ 25 ಮಿ.ಮೀ. ಥರ್ಮೋಕೋಲ್ ತುಂಬಬಹುದು, ಆದರೆ ಅದರ ಒಂದಂಚು ಕೂಡ ಹೊರಗೆ ಕಾಣಬಾರದು. ಕಂಡರೆ ನಾಯಿ ಅದನ್ನು ಕಿತ್ತು ನುಂಗುತ್ತದೆ.

ಮಾಡನ್ನು ಕೀಲು ಹಾಕಿ ಎತ್ತುವಂತೆ ಮಾಡಿಸಿ. ಬಾಗಿಲಿನಿಂದ ಕೈ ತೂರಿಸಿ ಮೂಲೆ ಗುಡಿಸುವ ಗೂಡನ್ನು ಯಾರೂ ಮೂಲೆಯವರೆಗೆ ಗುಡಿಸುವುದಿಲ್ಲ.

ಕೊನೆಯದಾಗಿ ಮರದ ಮಾತು. ಹಳೆಯ ರೈಲ್ವೆ ಸ್ಲೀಪರುಗಳಿಗೆ ಮರ ಕೊಳೆಯದಿರಲೆಂದು ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ ಉಣಿಸಿರುತ್ತಾರೆ, ಹಿಂದಿನ ಕಾಲದ ಸಂಸ್ಕರಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು, ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಇರಬಹುದು. ಕಡಿಯುವ ಪ್ರಾಣಿಗೆ ಮಾಡುವ ಗೂಡಿಗೆ ಇವು ಯಾವುವೂ ಬೇಡ. ಸಾದಾ ಮರಕ್ಕೆ ಹೊರಮೈಗೆ ಮಾತ್ರ ನೀರು ಆಧಾರಿತ ಬಣ್ಣ ಬಳಿದು, ವಾಸನೆ ಸಂಪೂರ್ಣ ಹೋಗುವವರೆಗೆ ಒಣಗಿಸಿ. ಮೊಳೆಗಿಂತ ಸ್ಕ್ರೂ ಒಳ್ಳೆಯದು. ಮರ ಹಿಗ್ಗಿ ಕುಗ್ಗಿದಾಗ ಮೊಳೆಯ ತಲೆ ಮೇಲೇಳುತ್ತದೆ, ನಾಯಿಯ ಮೈ ಅಲ್ಲಿಯೇ ಉಜ್ಜುತ್ತದೆ.

ಉತ್ತರ – ಪಶುವೈದ್ಯೆ

ಹಿಂದಿನ ಇಬ್ಬರೂ ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ನೆಲದ ಬಗ್ಗೆ, ಅದರಿಂದ ಹುಟ್ಟುವ ಆರೋಗ್ಯದ ವಿಷಯಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕಾಂಕ್ರೀಟಿನ ದೊಡ್ಡ ಗುಣವೆಂದರೆ ಅದನ್ನು ತೊಳೆಯಬಹುದು, ರೋಗಾಣುನಾಶಕ ಹಾಕಬಹುದು. ಮಣ್ಣಿನಲ್ಲಿ ಇದು ಸಾಧ್ಯವಿಲ್ಲ. ನಾಯಿಗಳಿಗೆ ತೀವ್ರ ವಾಂತಿಭೇದಿ ತರುವ ಪಾರ್ವೊ ವೈರಸ್ ನೆರಳು ಮತ್ತು ತೇವ ಇರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ನಾಯಿಯ ಕರುಳಿನಲ್ಲಿ ಬೆಳೆಯುವ ದುಂಡುಹುಳುವಿನ ಮೊಟ್ಟೆಗಳು ವರ್ಷಗಟ್ಟಲೆ ಉಳಿಯುತ್ತವೆ, ಕೊಕ್ಕೆಹುಳುವಿನ ಮರಿಗಳಂತೂ ಬೆಚ್ಚನೆಯ ಹಸಿ ಮಣ್ಣಿನಿಂದ ನಾಯಿಯ ಪಾದದ ಚರ್ಮವನ್ನೇ ತೂರಿ ಒಳಸೇರುತ್ತವೆ. ಬರಿಗಾಲಿನಲ್ಲಿ ಓಡಾಡುವ ಮಕ್ಕಳ ಚರ್ಮಕ್ಕೂ ಇಳಿಯುತ್ತವೆ. ಆದರೆ ಇಲ್ಲಿ ನೆಮ್ಮದಿಯ ಸಂಗತಿಯೊಂದಿದೆ: ಮಲದೊಂದಿಗೆ ಹೊರಬಿದ್ದ ಕೂಡಲೇ ಹುಳುವಿನ ಮೊಟ್ಟೆಗಳಿಗೆ ಸೋಂಕು ತಗಲಿಸುವ ಶಕ್ತಿ ಇರುವುದಿಲ್ಲ. ಕೊಕ್ಕೆಹುಳುವಿಗೆ ಅದಕ್ಕೆ ಸುಮಾರು ಒಂದು ವಾರ ಬೇಕು, ದುಂಡುಹುಳುವಿಗೆ ಎರಡರಿಂದ ನಾಲ್ಕು ವಾರ ಬೇಕು. ಮಲವನ್ನು ದಿನವೂ ಎತ್ತಿಬಿಟ್ಟರೆ ಈ ಚಕ್ರ ಅಲ್ಲಿಗೇ ಕಡಿಯುತ್ತದೆ. ದುಬಾರಿ ನೆಲಕ್ಕಿಂತ ಪ್ರತಿದಿನದ ಸಲಿಕೆಯ ಕೆಲಸವೇ ಹೆಚ್ಚು ರಕ್ಷಣೆ ಕೊಡುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಕಾಂಕ್ರೀಟಿನ ದೋಷಗಳೂ ಸಣ್ಣವಲ್ಲ. ಬಿಸಿಲಿಗೆ ಕಾದರೆ ಪಾದದ ಮೆತ್ತೆ ಸುಡುತ್ತದೆ; ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಅದರ ಮೇಲೆ ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಿಲ್ಲಬಾರದು. ದಿನವೂ ಗಟ್ಟಿ ನೆಲದ ಮೇಲೆ ಮಲಗುವ, ಭಾರವಾದ ನಾಯಿಗಳ ಮೊಣಕೈಯನ್ನು ಗಮನಿಸಿ ನೋಡಿ: ಮೊದಲು ಕೂದಲು ಉದುರಿ ಚರ್ಮ ಬೂದು ಬಣ್ಣಕ್ಕೆ ತಿರುಗುತ್ತದೆ, ಬಳಿಕ ದಪ್ಪವಾಗಿ ಆನೆಯ ಚರ್ಮದಂತೆ ಗೆರೆ ಬೀಳುತ್ತದೆ, ಕೆಲವು ನಾಯಿಗಳಲ್ಲಿ ಅದರಡಿಯಲ್ಲಿ ನೀರು ತುಂಬಿದ ಮೆತ್ತನೆಯ ಗಂಟು ಕಾಣಿಸಿಕೊಳ್ಳುತ್ತದೆ. ಗಂಟಿಗೆ ಸೋಂಕು ತಗಲಿದರೆ ವಾಸಿ ಮಾಡುವುದು ಬಹಳ ಕಷ್ಟ. ಆದ್ದರಿಂದ ಕಾಂಕ್ರೀಟ್ ಹಾಕಿದವರು ಅದರ ಮೇಲೆ ಮಲಗಲು ಮರದ ಹಲಗೆಯ ತಗ್ಗು ಮಂಚವನ್ನೋ ಬಟ್ಟೆ ಬಿಗಿದ ಮಂಚವನ್ನೋ ಇಡಲೇಬೇಕು. ಮೇಲ್ಮೈಯನ್ನು ಗಾಜಿನಂತೆ ನಯ ಮಾಡಿಸಬೇಡಿ, ಒದ್ದೆಯಾದರೆ ಹಿರಿಯ ನಾಯಿ ಜಾರುತ್ತದೆ. ತೀರ ಒರಟಾಗಿಸಿದರೆ ಪಾದ ತರಚುತ್ತದೆ. ಹಸಿಯಿರುವಾಗ ಪೊರಕೆ ಎಳೆದ ಗೀರು ಸಾಕು. ಮೀಟರಿಗೆ 2 ಸೆಂ.ಮೀ. ಇಳುಕಲು ಕೊಟ್ಟು, ನೀರು ಗೂಡುಗಳ ಕಡೆಯಿಂದ ದೂರ ಹರಿದು ಚರಂಡಿ ಸೇರುವಂತಿರಲಿ.

ನನ್ನನ್ನು ಕೇಳಿದರೆ ಇಡೀ ಜಾಗಕ್ಕೆ ಕಾಂಕ್ರೀಟ್ ಬೇಡ. ಗೂಡುಗಳ ಮುಂದೆ ಮತ್ತು ಗೇಟಿನ ಬಳಿ ಅಷ್ಟನ್ನೇ ಮಾಡಿಸಿ, ಮರದ ಕೆಳಗೆ ಹುಲ್ಲು ಅಥವಾ ಮಣ್ಣು ಹಾಗೆಯೇ ಇರಲಿ, ನಡುವೆ ಒಂದಷ್ಟು ಭಾಗಕ್ಕೆ 10ರಿಂದ 15 ಸೆಂ.ಮೀ. ದಪ್ಪಕ್ಕೆ ಉರುಟಾದ ಸಣ್ಣ ಕಲ್ಲು ಹರಡಿಸಿ. ಚೂಪಾದ ಜಲ್ಲಿ ಪಾದವನ್ನು ಕೊಯ್ಯುತ್ತದೆ. ಕಲ್ಲು ನುಂಗುವ ಅಭ್ಯಾಸ ನಿಮ್ಮ ನಾಯಿಗಿದ್ದರೆ ಮಾತ್ರ ಈ ಭಾಗವನ್ನು ಕೈಬಿಡಿ. ಕರುಳಿನಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಸಂದುಗಳ ವಿಚಾರ ಗೂಡು ಕಟ್ಟುವವರ ಗಮನಕ್ಕೆ ಬರಬೇಕು. ನಾಯಿಗಳ ಕಂದು ಉಣ್ಣಿ, ಬೇರೆ ಬಗೆಯ ಅನೇಕ ಉಣ್ಣಿಗಳಂತೆ ಕಾಡು ಹುಲ್ಲನ್ನೇ ಅವಲಂಬಿಸಿದ್ದಲ್ಲ. ನಾಯಿ ಮತ್ತು ನಾಯಿಯ ಗೂಡು ಇದ್ದರೆ ತನ್ನ ಇಡೀ ಜೀವನವನ್ನು ಅಲ್ಲಿಯೇ ಕಳೆಯುತ್ತದೆ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ನಾಯಿಯಿಂದ ಉದುರಿ, ಗೋಡೆ ಹತ್ತಿ, ಹಲಗೆಗಳ ಜೋಡಣೆಯಲ್ಲೋ ಗಾರೆಯ ಬಿರುಕಿನಲ್ಲೋ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ರಾತ್ರಿ ಟಾರ್ಚ್ ಹಿಡಿದು ಮಾಡಿನ ಒಳಮೂಲೆಗಳನ್ನು ನೋಡಿದರೆ ಮೊಟ್ಟೆಯೊಡೆದು ಬಂದ ಮರಿಗಳು ಮೆಣಸಿನ ಪುಡಿ ಚೆಲ್ಲಿದ ಹಾಗೆ ಮೇಲಕ್ಕೆ ಹರಿಯುತ್ತಿರುವುದು ಕಾಣುತ್ತದೆ. ಎರ್ಲೀಕಿಯೋಸಿಸ್ ಎಂಬ ಉಣ್ಣಿ ಜ್ವರವನ್ನು ಹರಡುವುದು ಈ ಉಣ್ಣಿಯೇ. ನಾಯಿಗೆ ಮಾತ್ರ ಔಷಧ ಕೊಟ್ಟು ಗೂಡಿನ ಸಂದುಗಳನ್ನು ಹಾಗೆಯೇ ಬಿಟ್ಟರೆ ಪ್ರಯೋಜನ ಅರ್ಧ ಮಾತ್ರ. ಜೋಡಣೆಗಳನ್ನು ಪುಟ್ಟಿಯಿಂದ ತುಂಬಿಸಿ, ಒಳಗೋಡೆ ನಯವಾಗಿರಲಿ, ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.

ನೆಲ ತೊಳೆಯಲು ಫೀನಾಲ್ ಬೆರೆತ ಫಿನೈಲ್ ಬಳಸಬೇಡಿ, ಪಾದಕ್ಕಂಟಿದ್ದನ್ನು ನಾಯಿ ನೆಕ್ಕುತ್ತದೆ. ಮೊದಲು ಬರೀ ನೀರಿನಿಂದ ಮೂತ್ರ ಮತ್ತು ಕೊಳೆ ಹೋಗುವಂತೆ ತೊಳೆದು, ಬಳಿಕ ಮನೆಬಳಕೆಯ ಬ್ಲೀಚ್ ದ್ರಾವಣವನ್ನು 1 ಪಾಲಿಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಕಣ್ಣು ಮತ್ತು ಶ್ವಾಸಕೋಶಕ್ಕೆ ಹಾನಿಕರವಾದ ಅನಿಲ ಹುಟ್ಟುತ್ತದೆ.

ಉತ್ತರ – ಬೇಲಿ ಕೆಲಸ

ನೆಗೆಯುವ ನಾಯಿಗೆ 1.8 ಮೀಟರ್ ಬೇಲಿ ಸಾಮಾನ್ಯವಾಗಿ ಸಾಕಾಗುತ್ತದೆ, ಆದರೆ ಆ ಎತ್ತರವನ್ನು ನಾಯಿ ನಿಲ್ಲುವ ಅತಿ ಎತ್ತರದ ಜಾಗದಿಂದ ಅಳೆಯಬೇಕು. ಬೇಲಿಗೆ ತಾಗಿಸಿ ಗೂಡು ಇಟ್ಟರೆ ಗೂಡಿನ ಮಾಡೇ ಮೆಟ್ಟಿಲಾಗಿ, ನಿಮ್ಮ ಬೇಲಿ ಆ ಮೂಲೆಯಲ್ಲಿ ಒಂದು ಮೀಟರಿಗೆ ಇಳಿಯುತ್ತದೆ. ಗೂಡು, ಕಟ್ಟೆ, ನೀರಿನ ಡ್ರಮ್ಮು ಯಾವುದೇ ಇರಲಿ, ಬೇಲಿಯಿಂದ ಕನಿಷ್ಠ 2 ಮೀಟರ್ ಒಳಗಿರಲಿ. ಮರದ ತಗ್ಗಿನ ಕೊಂಬೆಗಳನ್ನೂ ನೋಡಿಕೊಳ್ಳಿ.

ಚೈನ್‌ಲಿಂಕ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದು ಅಗ್ಗ, ಹಾಕುವುದು ಬೇಗ, ಆದರೆ ಅದರ ವಜ್ರಾಕಾರದ ಕಣ್ಣುಗಳು ಹತ್ತುವ ನಾಯಿಗೆ ಏಣಿಯಾಗುತ್ತವೆ, ಕಚ್ಚಿ ಎಳೆಯುವ ನಾಯಿಗೆ ಬೇಗ ಸಡಿಲಾಗುತ್ತವೆ. 50 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಕಣ್ಣಿನ, ಬೆಸುಗೆಯಾದ ಮೇಲೆ ಸತುವಿನ ಲೇಪ ಕೊಟ್ಟ ವೆಲ್ಡ್ ಮೆಶ್ ಹೆಚ್ಚು ಕಾಲ ಬಾಳುತ್ತದೆ. ಯಾವುದನ್ನೇ ಹಾಕಿದರೂ ಜಾಲರಿ ಕಂಬಗಳ ಒಳಬದಿಗೆ ಬರಬೇಕು: ನಾಯಿ ಒಳಗಿನಿಂದ ನುಗ್ಗಿದಾಗ ಜಾಲರಿ ಕಂಬಕ್ಕೆ ಒತ್ತಿಕೊಳ್ಳುತ್ತದೆ. ಹೊರಬದಿಗೆ ಕಟ್ಟಿದರೆ ಪ್ರತಿ ನುಗ್ಗಾಟವೂ ಬೈಂಡಿಂಗ್ ವೈರನ್ನು ಎಳೆದು ಕೀಳುತ್ತದೆ. ತಂತಿಯ ಕತ್ತರಿಸಿದ ತುದಿಗಳು ಹೊರಕ್ಕೆ ಬಾಗಿರಲಿ.

ನೆಲ ಕೆರೆಯುವ ನಾಯಿಗೆ ಬೇಲಿಯನ್ನು ಆಳಕ್ಕೆ ಹೂಳುವುದಕ್ಕಿಂತ ಸುಲಭವಾದ ಉಪಾಯವಿದೆ. ಬೇಲಿಯ ಬುಡಕ್ಕೆ ಇನ್ನೊಂದು ಜಾಲರಿಯ ಪಟ್ಟಿಯನ್ನು ಬಿಗಿದು, ಅದನ್ನು ಒಳಬದಿಯ ನೆಲದ ಮೇಲೆ 45ರಿಂದ 60 ಸೆಂ.ಮೀ. ಅಗಲಕ್ಕೆ ಮಲಗಿಸಿ, ಮೇಲೆ ಮಣ್ಣೋ ಕಲ್ಲೋ ಹಾಕಿ. ನಾಯಿ ಯಾವಾಗಲೂ ಬೇಲಿಯ ಬುಡದಲ್ಲಿಯೇ ಕೆರೆಯುತ್ತದೆ. ಕೆರೆದಲ್ಲೆಲ್ಲ ಉಗುರಿಗೆ ಜಾಲರಿ ಸಿಕ್ಕಿದಾಗ, ಹಿಂದೆ ಸರಿದು ದೂರದಿಂದ ಸುರಂಗ ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಕೆರೆಯುವ ಹಂಬಲವನ್ನು ಪೂರ್ತಿ ಅದುಮುವುದು ನ್ಯಾಯವಲ್ಲವಾದ್ದರಿಂದ, ಮರದ ಕೆಳಗೆ ಒಂದು ಮರಳಿನ ಗುಂಡಿ ಮಾಡಿ ಆಗಾಗ ಅದರಲ್ಲಿ ಆಟಿಕೆ ಹೂತಿಡಿ, ಬಳಸದಾಗ ಮುಚ್ಚಿಡಿ.

ಗೇಟು ಒಳಕ್ಕೆ ತೆರೆಯಲಿ. ಗೇಟಿನ ಕೆಳಗಿನ ಸಂದು 5 ಸೆಂ.ಮೀ.ಗಿಂತ ಕಡಿಮೆಯಿದ್ದು, ಅಲ್ಲಿ ಕಾಂಕ್ರೀಟ್ ಪಟ್ಟಿ ಇರಲಿ. ಜಾಗವಿದ್ದರೆ ಎರಡು ಗೇಟುಗಳ ನಡುವೆ ಒಬ್ಬರು ನಿಲ್ಲುವಷ್ಟು ಅಂತರ ಬಿಟ್ಟು ಎರಡನೆಯದನ್ನೂ ಹಾಕಿ. ಕೈಯಲ್ಲಿ ಬಟ್ಟಲು ಹಿಡಿದು ಒಳಹೋಗುವಾಗ ನಾಯಿ ಕಾಲ ಸಂದಿನಲ್ಲಿ ನುಸುಳಿದರೂ ರಸ್ತೆ ಸೇರುವುದಿಲ್ಲ. ಮೇಲೆತ್ತುವ ಚಿಲಕವನ್ನು ಮೂಗಿನಿಂದ ತೆರೆಯಲು ನಾಯಿಗಳು ಬಹುಬೇಗ ಕಲಿಯುತ್ತವೆ, ಆದ್ದರಿಂದ ಚಿಲಕದ ಜೊತೆಗೆ ಒತ್ತಿ ತೆರೆಯುವ ಕೊಂಡಿಯೂ ಬೇಕು, ಅದನ್ನು ಒಳಗಿನಿಂದಲೂ ತೆರೆಯಲು ಬರಬೇಕು.

ವಿಸ್ತೀರ್ಣದ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಡಿಯ ನಿಯಮದಲ್ಲಿ ನಾಯಿಯ ಉದ್ದಕ್ಕೆ 6 ಇಂಚು ಸೇರಿಸಿ, ಬಂದ ಮೊತ್ತವನ್ನು ಅದರಿಂದಲೇ ಗುಣಿಸಿದರೆ ಕನಿಷ್ಠ ನೆಲದಳತೆ ಸಿಗುತ್ತದೆ, 85 ಸೆಂ.ಮೀ. ಉದ್ದದ ನಾಯಿಗೆ ಅದು ಸುಮಾರು ಒಂದು ಚದರ ಮೀಟರ್ ಆಗುತ್ತದೆ. ಅದು ಬರಿಯ ಕನಿಷ್ಠ ಮಿತಿ, ನಾಯಿ ಅಲ್ಲಿ ಓಡುವುದಿರಲಿ, ನಾಲ್ಕು ಹೆಜ್ಜೆ ಇಡುವುದೂ ಆಗದು. ನಿಮ್ಮ 45 ಚದರ ಮೀಟರ್ ಜಾಗವನ್ನು ತುಂಡು ಮಾಡದೆ ಉದ್ದವಾಗಿಯೇ ಉಳಿಸಿಕೊಂಡರೆ ಎಳೆಯ ನಾಯಿ ನಿಜವಾಗಿ ಓಡಬಲ್ಲದು.

ಒಳಗೆ ಬಿಡುವಾಗ ಕೊರಳಪಟ್ಟಿ ತೆಗೆಯಿರಿ. ಜಾಲರಿಗೆ ಸಿಕ್ಕಿಕೊಳ್ಳಬಹುದು, ಆಡುವಾಗ ಇನ್ನೊಂದು ನಾಯಿಯ ಕೆಳದವಡೆ ಅದರಲ್ಲಿ ಸಿಲುಕಬಹುದು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಎರಡೂ ಜೀವಾಪಾಯ.

ಪ್ರಶ್ನೆ ಕೇಳಿದವರು – ಹಿತ್ತಲಂಗಳ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ರಸ್ತೆಯ ಮೂಲೆಯನ್ನು ಬಿಟ್ಟು ಮರದ ಕಡೆಗೆ ಎರಡು ಗೂಡುಗಳನ್ನು ಇಡುವುದೆಂದೂ, ಕಾಂಕ್ರೀಟನ್ನು ಗೇಟು ಮತ್ತು ಗೂಡುಗಳ ಮುಂಭಾಗಕ್ಕೆ ಸೀಮಿತಗೊಳಿಸುವುದೆಂದೂ ಮನೆಯಲ್ಲಿ ತೀರ್ಮಾನಿಸಿದ್ದೇವೆ. ಇನ್ನು ಎರಡು ಸಂದೇಹಗಳು ಉಳಿದಿವೆ. ಅತಿಯಾದ ಸೆಕೆಯ ದಿನ ಹಿರಿಯ ನಾಯಿಯನ್ನು ಹೊರಗೆ ಬಿಡಬಹುದೇ? ಹಾಗೆಯೇ, ಈವರೆಗೆ ಮನೆಯೊಳಗೇ ಇದ್ದ ನಾಯಿಗಳು ಹೊಸ ಗೂಡನ್ನು ಒಪ್ಪಿಕೊಳ್ಳದಿದ್ದರೆ ಏನು ಮಾಡಬೇಕು?

ಉತ್ತರ – ಪಶುವೈದ್ಯೆ

ನಾಯಿಯ ಮೈಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಪಾದದ ಮೆತ್ತೆಯಲ್ಲಿ ಸ್ವಲ್ಪ ಬೆವರುವುದನ್ನು ಬಿಟ್ಟರೆ ಅದು ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಬಾಯಿ ಮತ್ತು ನಾಲಿಗೆಯ ತೇವ ಆವಿಯಾದರೆ ಮಾತ್ರ ಅದಕ್ಕೆ ತಂಪು. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಆವಿಯಾಗುವುದು ನಿಧಾನವಾಗುವುದರಿಂದ, ಉರಿಬಿಸಿಲಿಲ್ಲದ, ಮೋಡ ಕವಿದ ಸೆಕೆಯ ದಿನವೂ ಅಪಾಯಕಾರಿಯೇ. ವಯಸ್ಸಾದ ನಾಯಿಗಳು, ಮರಿಗಳು, ಮೂಗು ಚಪ್ಪಟೆಯಾದ ತಳಿಗಳು, ಹೃದಯದ ತೊಂದರೆಯಿರುವವು ಅಂಥ ದಿನ ಹೊರಗಿರಲೇಬಾರದು. ಇದಕ್ಕೆ ಯಾವ ಗೂಡೂ ಪರಿಹಾರವಲ್ಲ. ನಿಮ್ಮ ಹಿರಿಯ ನಾಯಿಯ ದಟ್ಟ ಕೂದಲನ್ನು ಬೋಳಿಸಲು ಹೋಗಬೇಡಿ, ಬಾಚಿ ಉದುರು ಕೂದಲು ತೆಗೆಯಿರಿ. ಜೊಲ್ಲು ಸುರಿಸುತ್ತ ನಿಲ್ಲದೆ ತೇಕುವುದು, ವಸಡು ಕಡುಕೆಂಪಾಗುವುದು, ತೂರಾಡುವುದು ಕಂಡರೆ ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಿರಿ. 41 ಡಿಗ್ರಿ ದಾಟಿದರೆ ಒಳಾಂಗಗಳು ಕೆಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನೀರಿನ ಪಾತ್ರೆಗಳು ಎರಡಿರಲಿ, ಎರಡು ಬೇರೆ ಜಾಗಗಳಲ್ಲಿ, ಎರಡೂ ನೆರಳಿನಲ್ಲಿ, ಮಗುಚದಷ್ಟು ಭಾರವಾಗಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 60 ಮಿ.ಲೀ. ಸಾಧಾರಣ ಅಗತ್ಯ, ಸೆಕೆಯಲ್ಲಿ ಅದರ ಎರಡು ಪಟ್ಟು ಕುಡಿದರೂ ಆಶ್ಚರ್ಯವಿಲ್ಲ.

ಉತ್ತರ – ಮೂರು ನಾಯಿಗಳ ಮನೆ

ಗೂಡನ್ನು ಒಪ್ಪಿಸಲು ಆತುರ ಬೇಡ, ಬಲವಂತವಂತೂ ಬೇಡವೇ ಬೇಡ. ಮಾಡು ಎತ್ತುವಂತಿದ್ದರೆ ಮೊದಲ ಕೆಲವು ದಿನ ಅದನ್ನು ತೆರೆದಿಟ್ಟು, ಅವು ಮನೆಯಲ್ಲಿ ಮಲಗುವ ಹಳೆಯ ಹಾಸನ್ನು ತೊಳೆಯದೆ ಹಾಗೆಯೇ ಒಳಗೆ ಹಾಸಿ; ತಮ್ಮದೇ ವಾಸನೆ ಇರುವ ಕಡೆ ನಾಯಿಗಳು ಬೇಗ ಹೊಂದಿಕೊಳ್ಳುತ್ತವೆ. ನೀವು ಆವರಣದೊಳಗೇ ಕುಳಿತು ಓದುತ್ತಲೋ ಕೆಲಸ ಮಾಡುತ್ತಲೋ ಇರಿ, ಅವು ತಾವಾಗಿ ಒಳಹೊಕ್ಕಾಗ ಮೆಚ್ಚಿನ ತಿನಿಸು ಕೊಡಿ. ಬಳಿಕ ಗೇಟು ಹಾಕಿ ಹೊರಗೆ ಒಂದೆರಡು ನಿಮಿಷ ನಿಂತು ಬನ್ನಿ, ಅವು ಶಾಂತವಾಗಿದ್ದರೆ ಹೊತ್ತನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ತಪ್ಪು ಮಾಡಿದಾಗ ಶಿಕ್ಷೆಯಾಗಿ ಅಲ್ಲಿ ಕೂಡಿಹಾಕಬೇಡಿ, ಆಮೇಲೆ ಆ ಜಾಗವೇ ಶಿಕ್ಷೆಯಾಗಿಬಿಡುತ್ತದೆ. ಬಿಡುವ ಮೊದಲು ಚೆನ್ನಾಗಿ ನಡೆದಾಡಿಸಿ ತಂದರೆ ಅವು ಹೊರಗಿರುವ ಬಹುಪಾಲು ಹೊತ್ತು ನಿದ್ದೆಯಲ್ಲೇ ಕಳೆಯುತ್ತವೆ. ಗುಡುಗು ಸಿಡಿಲಿನ ಅಥವಾ ಪಟಾಕಿಯ ಸದ್ದಿನ ದಿನ ಮಾತ್ರ ಎಷ್ಟೇ ಅಭ್ಯಾಸವಾಗಿದ್ದರೂ ಮನೆಯೊಳಗೇ ಬಿಡಿ. ಹೆದರಿದ ನಾಯಿ ಬೇರೆ ದಿನ ಕಣ್ಣೆತ್ತಿಯೂ ನೋಡದ ಬೇಲಿಯನ್ನು ಆ ದಿನ ಮೈ ಹರಿದುಕೊಂಡಾದರೂ ದಾಟಲು ನೋಡುತ್ತದೆ.